ಒಂದೇ ಪ್ರಭೇದದ ಮೀನು, ಬಣ್ಣ ಮಾತ್ರ ಹಲವು: ಕಾರಣವೇನು?

ಅಕ್ವೇರಿಯಂ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನುಗಳ ಹಿಂಡೊಂದು ಈಜುತ್ತಿರುತ್ತದೆ. ಒಂದರ ಬಾಲ ಕಿತ್ತಳೆ, ಇನ್ನೊಂದರದು ನೀಲಿ, ಮತ್ತೊಂದರ ಮೈತುಂಬ ಕಪ್ಪು ಚುಕ್ಕೆ. ಅವುಗಳ ನಡುವೆಯೇ ಯಾವ ಬಣ್ಣದ ಸೊಗಸೂ ಇಲ್ಲದ ಬೂದು ಮೀನುಗಳೂ ಸುಳಿದಾಡುತ್ತವೆ. ನೋಡುವವರಿಗೆ ಇವು ನಾಲ್ಕಾರು ಬಗೆಯ ಮೀನುಗಳೆಂದು ತೋರುವುದು ಸಹಜ. ವಾಸ್ತವದಲ್ಲಿ ಇವೆಲ್ಲವೂ ಒಂದೇ ಪ್ರಭೇದಕ್ಕೆ ಸೇರಿದವು. ಪರಸ್ಪರ ಕೂಡಿ ಮರಿ ಹಾಕಬಲ್ಲವು. ಬಣ್ಣದವು ಗಂಡು, ಬೂದಿನವು ಹೆಣ್ಣು.

ಕಾಗೆ ಕಪ್ಪು, ಗಿಳಿ ಹಸಿರು ಎಂದು ಹೇಳಿ ಮುಗಿಸುವಂತೆ ಮೀನಿನ ಬಣ್ಣವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಒಂದೇ ಪ್ರಭೇದದ ಮೀನು ಒಂದು ತೊರೆಯಲ್ಲಿ ಥಳಥಳಿಸಿದರೆ ಅದರ ಕೆಳಗಿನ ಮಡುವಿನಲ್ಲಿ ಮಂಕಾಗಿರಬಹುದು. ಮರಿಯಾಗಿದ್ದಾಗ ಕಂದು, ಬೆಳೆದ ಮೇಲೆ ಹೊನ್ನಿನ ಬಣ್ಣ ತಾಳಬಹುದು. ಹಗಲಿನ ಬಣ್ಣ ಇರುಳಿನಲ್ಲಿ ಇಲ್ಲದಿರಬಹುದು. ವಂಶವಾಹಿಗಳು, ತಿನ್ನುವ ಆಹಾರ, ವಯಸ್ಸು ಮತ್ತು ಲಿಂಗ, ಸುತ್ತಲಿನ ನೀರು ಮತ್ತು ಬೆಳಕು, ಕೊನೆಯದಾಗಿ ಶತ್ರು ಹಾಗೂ ಸಂಗಾತಿಯ ಕಣ್ಣು ಎಂಬ ಐದು ಅಂಶಗಳು ಸೇರಿ ಮೀನಿನ ಬಣ್ಣವನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಯಾವುದೊಂದು ಬದಲಾದರೂ ಬಣ್ಣ ಬದಲಾಗಬಲ್ಲದು.

ಬಣ್ಣ ಅಡಗಿರುವುದೆಲ್ಲಿ?

ಮೀನಿನ ಬಣ್ಣ ಅದರ ಹುರುಪೆಯಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ಹುರುಪೆ ಬಹುಮಟ್ಟಿಗೆ ಪಾರದರ್ಶಕವಾದದ್ದು. ಬಣ್ಣವಿರುವುದು ಚರ್ಮದಲ್ಲಿ ಹರಡಿರುವ ವರ್ಣಕೋಶಗಳೆಂಬ ವಿಶೇಷ ಜೀವಕೋಶಗಳಲ್ಲಿ. ಇವುಗಳಲ್ಲಿ ಹಲವು ಬಗೆ. ಕಪ್ಪು ಮತ್ತು ಕಂದು ಬಣ್ಣದ ಕೋಶಗಳಲ್ಲಿ ಮೆಲನಿನ್ ಇರುತ್ತದೆ. ಮನುಷ್ಯರ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ವಸ್ತು ಇದೇ. ಹಳದಿ ಮತ್ತು ಕೆಂಪು ಕೋಶಗಳಲ್ಲಿ ಮುಖ್ಯವಾಗಿ ಕೆರೋಟಿನಾಯ್ಡ್ ಮತ್ತು ಟೆರಿಡಿನ್ ಎಂಬ ವರ್ಣದ್ರವ್ಯಗಳಿರುತ್ತವೆ. ಕೆಲವು ಮೀನುಗಳಲ್ಲಿ ಬಿಳಿಯ ಕೋಶಗಳೂ ಉಂಟು.

ಬೆಳ್ಳಿಯ ಹೊಳಪು ಮತ್ತು ನೀಲಿಯ ಕತೆ ಬೇರೆ. ಬಹುತೇಕ ಮೀನುಗಳ ಮೈಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲ. ಚರ್ಮದ ಕೆಲವು ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ತೆಳುವಾದ ಹರಳುಗಳು ಪದರ ಪದರವಾಗಿ ಜೋಡಣೆಯಾಗಿರುತ್ತವೆ. ಡಿಎನ್‌ಎಯನ್ನು ರೂಪಿಸುವ ನಾಲ್ಕು ಮೂಲಘಟಕಗಳಲ್ಲಿ ಗ್ವಾನಿನ್ ಕೂಡ ಒಂದು. ಈ ಹರಳುಗಳು ಬೆಳಕನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ. ಪದರಗಳ ನಡುವಿನ ಅಂತರಕ್ಕೆ ತಕ್ಕಂತೆ ಬೆಳ್ಳಿ, ನೀಲಿ ಅಥವಾ ಹಸಿರು ಕಾಣುತ್ತದೆ. ಬಂಗಡೆ, ಬೂತಾಯಿಗಳ ಹೊಟ್ಟೆಯ ಹೊಳಪಿಗೆ ಈ ಹರಳುಗಳೇ ಕಾರಣ. ನೀಲಿ ಹೊಳಪಿನ ಮೇಲೆ ಹಳದಿ ಕೋಶಗಳ ಪದರ ಬಂದರೆ ಮೀನು ಹಸಿರಾಗಿ ಕಾಣುತ್ತದೆ.

ಅಂದರೆ ಬೆರಳೆಣಿಕೆಯ ಬಗೆಯ ಕೋಶಗಳೇ ಎಲ್ಲ ಬಣ್ಣಗಳ ಬಂಡವಾಳ. ಅವುಗಳ ಸಂಖ್ಯೆ, ಜೋಡಣೆ ಮತ್ತು ಒಳಗಿರುವ ವಸ್ತುವಿನ ಪ್ರಮಾಣ ಮೀನಿನಿಂದ ಮೀನಿಗೆ ಬೇರೆಯಾಗುತ್ತದೆ.

ಕ್ಷಣದಲ್ಲಿ ಬದಲಾಗುವ ಬಣ್ಣ

ವರ್ಣಕೋಶ ಸ್ಥಿರವಾದ ಚುಕ್ಕೆಯಲ್ಲ. ಕಪ್ಪು ಕೋಶದೊಳಗಿನ ಮೆಲನಿನ್ ಕಣಗಳು ಕೋಶದ ತುಂಬ ಹರಡಿಕೊಂಡಾಗ ಚರ್ಮ ಕಪ್ಪಾಗುತ್ತದೆ; ಅವು ನಡುವಿಗೆ ಬಂದು ಮುದ್ದೆಯಾದಾಗ ಚರ್ಮ ಬಿಳಚಿಕೊಳ್ಳುತ್ತದೆ. ನರಗಳು ಮತ್ತು ಹಾರ್ಮೋನುಗಳು ಈ ಚಲನೆಯನ್ನು ನಿಯಂತ್ರಿಸುತ್ತವೆ. ಆದ್ದರಿಂದಲೇ ಹೆದರಿದ, ಕಾದಾಡುವ ಅಥವಾ ಜೊತೆಗಾರನನ್ನು ಓಲೈಸುವ ಮೀನು ನೋಡನೋಡುತ್ತಿದ್ದಂತೆ ಬಣ್ಣ ಬದಲಿಸುತ್ತದೆ.

ಸಮುದ್ರತಳದಲ್ಲಿ ಮಲಗಿರುವ ಚಪ್ಪಟೆ ಮೀನುಗಳು ಈ ವಿದ್ಯೆಯಲ್ಲಿ ನಿಪುಣ. ಕರ್ನಾಟಕದ ಕರಾವಳಿಯ ಮೀನುಪೇಟೆಗಳಲ್ಲಿ ದೊರೆಯುವ ನಂಗು ಈ ಬಳಗದ್ದೇ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ಸಂಗಡಿಗರು 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಷ್ಣವಲಯದ ಚಪ್ಪಟೆ ಮೀನೊಂದು ತನ್ನ ಕೆಳಗಿನ ನೆಲದ ವಿನ್ಯಾಸಕ್ಕೆ ಹೊಂದುವಂತೆ ಕೆಲವೇ ಸೆಕೆಂಡುಗಳಲ್ಲಿ ಮೈಯ ಚುಕ್ಕೆಗಳನ್ನು ಬದಲಿಸಿಕೊಳ್ಳುತ್ತದೆ. ಈ ಹೊಂದಾಣಿಕೆಗೆ ಕಣ್ಣೇ ಆಧಾರ. ನೆಲವನ್ನು ಕಣ್ಣು ನೋಡುತ್ತದೆ, ಮಿದುಳು ಅಳೆಯುತ್ತದೆ, ಚರ್ಮ ಅದರಂತೆ ನಡೆದುಕೊಳ್ಳುತ್ತದೆ.

ನಿಧಾನವಾದ ಬದಲಾವಣೆಯೂ ಉಂಟು. ಮೀನನ್ನು ವಾರಗಟ್ಟಲೆ ಕಪ್ಪು ತೊಟ್ಟಿಯಲ್ಲಿಟ್ಟರೆ ಕಪ್ಪು ಕೋಶಗಳ ಸಂಖ್ಯೆಯೇ ಹೆಚ್ಚುತ್ತದೆ. ಬಿಳಿ ತೊಟ್ಟಿಯಲ್ಲಿಟ್ಟರೆ ಕಡಿಮೆಯಾಗುತ್ತದೆ. ಅಮೆರಿಕದ ಫ್ರಾನ್ಸಿಸ್ ಸಮ್ನರ್ 1930ರ ದಶಕದಲ್ಲಿ ಗ್ಯಾಂಬೂಸಿಯ ಎಂಬ ಸೊಳ್ಳೆಮೀನುಗಳನ್ನು ಹೀಗೆ ಬೆಳೆಸಿ ಪ್ರಯೋಗ ನಡೆಸಿದರು. ಕಪ್ಪಾದ ಹಾಗೂ ಬಿಳಚಿದ ಮೀನುಗಳನ್ನು ಬೆರೆಸಿ, ಮೀನು ತಿನ್ನುವ ಹಕ್ಕಿಗಳ ಮುಂದೆ ಬಿಡಲಾಯಿತು. ತೊಟ್ಟಿಯ ಬಣ್ಣಕ್ಕೆ ಹೊಂದದ ಮೀನುಗಳೇ ಹೆಚ್ಚಾಗಿ ಹಕ್ಕಿಯ ಬಾಯಿಗೆ ಬಿದ್ದವು. ಬಣ್ಣದ ಹೊಂದಾಣಿಕೆ ಜೀವ ಉಳಿಸುತ್ತದೆ ಎಂಬುದಕ್ಕೆ ಅದು ಸ್ಪಷ್ಟ ಪುರಾವೆಯಾಯಿತು.

ಆಹಾರದಿಂದ ಬರುವ ಕೆಂಪು

ಮೆಲನಿನ್ ಅನ್ನು ಮೀನಿನ ದೇಹವೇ ತಯಾರಿಸಿಕೊಳ್ಳುತ್ತದೆ. ಕೆರೋಟಿನಾಯ್ಡ್‌ಗಳನ್ನು ಅದು ತಯಾರಿಸಲಾರದು. ಪಾಚಿಯಿಂದ, ಪಾಚಿ ತಿನ್ನುವ ಹುಳುಗಳಿಂದ, ಸಿಗಡಿಯಂಥ ಜೀವಿಗಳಿಂದ ಅದನ್ನು ಪಡೆಯಬೇಕು. ಕೆಂಪು ಅಥವಾ ಕಿತ್ತಳೆ ಬಣ್ಣ ಹೊತ್ತ ಮೀನು ಒಂದರ್ಥದಲ್ಲಿ ತನ್ನ ಊಟದ ಲೆಕ್ಕವನ್ನು ಮೈಮೇಲೆ ಬರೆದುಕೊಂಡಿರುತ್ತದೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಸಾಲ್ಮನ್. ಕಡಲಿನಲ್ಲಿ ಬೆಳೆಯುವ ಸಾಲ್ಮನ್ ಮೀನಿನ ಮಾಂಸಕ್ಕೆ ಕೆಂಪು ಬರುವುದು ಆಸ್ಟಾಕ್ಸಾಂಥಿನ್ ಎಂಬ ಕೆರೋಟಿನಾಯ್ಡ್‌ನಿಂದ. ಸಾಕಣೆಯ ಸಾಲ್ಮನ್‌ಗೆ ಇದನ್ನು ಆಹಾರದಲ್ಲಿ ಬೆರೆಸಿ ಕೊಡದಿದ್ದರೆ ಮಾಂಸ ಬಿಳಚಿಕೊಳ್ಳುತ್ತದೆ. ಸಾಕೈ ಎಂಬ ಸಾಲ್ಮನ್ ಮೊಟ್ಟೆಯಿಡಲು ನದಿಗೆ ಮರಳುವಾಗ ಮಾಂಸದಲ್ಲಿ ಕೂಡಿಟ್ಟ ಈ ವರ್ಣದ್ರವ್ಯ ಚರ್ಮಕ್ಕೆ ಸಾಗುತ್ತದೆ. ಬೆಳ್ಳಿಯಂತಿದ್ದ ಮೀನು ಕಡುಗೆಂಪಾಗುತ್ತದೆ, ತಲೆ ಮಾತ್ರ ಹಸಿರಾಗುತ್ತದೆ. ಚಿನುಕ್ ಎಂಬ ಇನ್ನೊಂದು ಸಾಲ್ಮನ್‌ನಲ್ಲಿ ಕೆಲವು ಮೀನುಗಳ ಮಾಂಸ ಹುಟ್ಟಿನಿಂದಲೇ ಬಿಳಿ. ಒಂದೇ ಕಡಲಿನಲ್ಲಿ ಒಂದೇ ಆಹಾರ ತಿಂದರೂ ಅವು ಕೆಂಪಾಗುವುದಿಲ್ಲ. ಆಹಾರ ಬಣ್ಣವನ್ನು ಒದಗಿಸುತ್ತದೆ. ಅದನ್ನು ಉಳಿಸಿಕೊಳ್ಳಬೇಕೇ, ಬೇಡವೇ ಎಂಬುದನ್ನು ವಂಶವಾಹಿ ನಿರ್ಧರಿಸುತ್ತದೆ.

ಹುಟ್ಟಿನಿಂದ ಬಂದ ಬಣ್ಣ

ಗೋಲ್ಡ್‌ಫಿಶ್‌ನ ಪೂರ್ವಿಕ ಚೀನಾದ ಕಂದುಬಣ್ಣದ ಗೆಂಡೆ. ಅವುಗಳಲ್ಲಿ ಅಪರೂಪಕ್ಕೆ ಹುಟ್ಟುತ್ತಿದ್ದ ಹೊಂಬಣ್ಣದ ಮೀನುಗಳನ್ನು ಆರಿಸಿ ಸಾಕಿದ ಚೀನೀಯರು ಸುಮಾರು ಸಾವಿರ ವರ್ಷಗಳಲ್ಲಿ ಇಂದಿನ ತಳಿಗಳನ್ನು ರೂಪಿಸಿದರು. ಆದರೂ ಗೋಲ್ಡ್‌ಫಿಶ್‌ನ ಮರಿ ಈಗಲೂ ಸಾಮಾನ್ಯವಾಗಿ ಕಂದಾಗಿಯೇ ಇರುತ್ತದೆ. ತಿಂಗಳುಗಳು ಕಳೆದಂತೆ ಕಪ್ಪು ಕೋಶಗಳು ಅಳಿದು ಹೊನ್ನು ಹೊರಬರುತ್ತದೆ. ಜಪಾನಿನ ನೀಗಾಟ ಪ್ರದೇಶದ ರೈತರು ಊಟಕ್ಕೆಂದು ಸಾಕಿದ್ದ ಗೆಂಡೆಗಳಿಂದಲೇ 19ನೇ ಶತಮಾನದಲ್ಲಿ ಬಣ್ಣಬಣ್ಣದ ಕೊಯ್ ಮೀನುಗಳು ಬಂದವು.

ಪ್ರಕೃತಿಯಲ್ಲೂ ಹೀಗಾಗುವುದುಂಟು. ನಿಕರಾಗುವಾದ ಸರೋವರಗಳಲ್ಲಿರುವ ಮೈಡಾಸ್ ಸಿಕ್ಲಿಡ್ ಮೀನುಗಳಲ್ಲಿ ಹೆಚ್ಚಿನವು ಬೂದುಗಪ್ಪು, ಕೆಲವು ಮಾತ್ರ ಹೊಂಬಣ್ಣ. ಹೊನ್ನಿನ ಮೀನುಗಳೂ ಮರಿಯಾಗಿದ್ದಾಗ ಕಪ್ಪಾಗಿಯೇ ಇರುತ್ತವೆ. ಒಂದು ವಂಶವಾಹಿಯೊಳಗೆ ಬಂದು ಸೇರಿಕೊಂಡ ಡಿಎನ್‌ಎ ತುಣುಕಿಗೂ ಈ ಬದಲಾವಣೆಗೂ ನಂಟಿರುವುದನ್ನು ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಮೆಕ್ಸಿಕೊದ ಕಗ್ಗತ್ತಲ ಗುಹೆಗಳಲ್ಲಿರುವ ಆಸ್ಟಿಯಾನಾಕ್ಸ್ ಮೀನಿನದು ಇನ್ನೊಂದು ಬಗೆ. ಹೊರಗಿನ ತೊರೆಗಳಲ್ಲಿರುವ ಅದೇ ಪ್ರಭೇದದ ಮೀನಿಗೆ ಕಣ್ಣೂ ಇದೆ, ಬಣ್ಣವೂ ಇದೆ. ಗುಹೆಯದಕ್ಕೆ ಎರಡೂ ಇಲ್ಲ. ಬೇರೆ ಬೇರೆ ಎರಡು ಗುಹೆಗಳ ಮೀನುಗಳು ಬಣ್ಣ ಕಳೆದುಕೊಂಡದ್ದು ಒಂದೇ ವಂಶವಾಹಿಯ ದೋಷದಿಂದ, ಆದರೆ ಆ ದೋಷ ಎರಡು ಕಡೆಯೂ ಪ್ರತ್ಯೇಕವಾಗಿ ಉಂಟಾಯಿತು ಎಂಬುದು 2006ರಲ್ಲಿ ತಿಳಿದುಬಂದಿತು. ನೋಡುವವರಿಲ್ಲದ ಕಡೆ ಬಣ್ಣ ಕಳೆದರೂ ನಷ್ಟವಿಲ್ಲ.

ವಯಸ್ಸು, ಲಿಂಗ, ಋತು

ಹಲವು ಮೀನುಗಳಲ್ಲಿ ಬಣ್ಣ ಜೀವನದ ಹಂತವನ್ನು ಸೂಚಿಸುತ್ತದೆ. ಹವಳದ ದಿಬ್ಬಗಳಲ್ಲಿ ಬಾಳುವ ಗಿಳಿಮೀನುಗಳಲ್ಲಿ ಮರಿ, ಹೆಣ್ಣು ಮತ್ತು ಹಿರಿಯ ಗಂಡಿನ ಬಣ್ಣಗಳು ಎಷ್ಟು ಬೇರೆಯೆಂದರೆ, ಹಿಂದಿನ ಕಾಲದ ವಿಜ್ಞಾನಿಗಳು ಒಂದೇ ಪ್ರಭೇದಕ್ಕೆ ಎರಡು ಮೂರು ಹೆಸರು ಕೊಟ್ಟದ್ದುಂಟು. ಇವುಗಳಲ್ಲಿ ಅನೇಕ ಹೆಣ್ಣುಗಳು ಮುಂದೆ ಗಂಡಾಗಿ ಮಾರ್ಪಡುತ್ತವೆ. ಆಗ ಬಣ್ಣವೂ ಬದಲಾಗುತ್ತದೆ.

ಯುರೋಪಿನ ಹೊಳೆಗಳಲ್ಲಿರುವ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಗಂಡಿನ ಗಂಟಲು ಸಂತಾನದ ಋತುವಿನಲ್ಲಿ ಮಾತ್ರ ಕೆಂಪಾಗುತ್ತದೆ. ಮಾನ್‌ಫ್ರೆಡ್ ಮಿಲಿನ್‌ಸ್ಕಿ ಮತ್ತು ಥಿಯೊ ಬಾಕರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಣ್ಣುಗಳು ಹೆಚ್ಚು ಕೆಂಪಾದ ಗಂಡನ್ನೇ ಆರಿಸಿಕೊಂಡವು. ಪರಾವಲಂಬಿ ಜೀವಿಗಳ ಸೋಂಕು ತಗುಲಿದ ಗಂಡಿನ ಕೆಂಪು ಇಳಿಯಿತು, ಅದರೊಂದಿಗೆ ಹೆಣ್ಣಿನ ಒಲವೂ ಇಳಿಯಿತು. ಕೆಂಪು ಕಾಣದಂತೆ ಹಸಿರು ಬೆಳಕು ಹಾಯಿಸಿದಾಗ ಹೆಣ್ಣುಗಳು ಆ ಭೇದವನ್ನೇ ಮಾಡಲಿಲ್ಲ. ಬಣ್ಣ ಇಲ್ಲಿ ಆರೋಗ್ಯದ ಪ್ರಮಾಣಪತ್ರ. ಅದನ್ನು ಓದಲು ತಕ್ಕ ಬೆಳಕು ಬೇಕು.

ತೊಟ್ಟಿಯ ಮೀನು ಮಂಕಾದರೆ

ಮನೆಯ ಅಕ್ವೇರಿಯಂನಲ್ಲಿ ಮೀನಿನ ಬಣ್ಣ ಇಳಿಯುವುದಕ್ಕೂ ಈ ಕಾರಣಗಳೇ ಅನ್ವಯಿಸುತ್ತವೆ.

* ಬೆಳಗ್ಗೆ ದೀಪ ಹಾಕಿದ ತಕ್ಷಣ ಮೀನು ಬಿಳಚಿಕೊಂಡಿದ್ದರೆ ಗಾಬರಿ ಬೇಡ. ನಿಯಾನ್ ಟೆಟ್ರಾ ಮೊದಲಾದವು ಕತ್ತಲಲ್ಲಿ ಬಣ್ಣ ಕುಗ್ಗಿಸಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಮೊದಲಿನಂತಾಗುತ್ತವೆ.
* ಹೊಸದಾಗಿ ತಂದ ಮೀನು ಸಾಗಣೆಯ ಒತ್ತಡದಿಂದ ಮಂಕಾಗಿರುತ್ತದೆ. ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವುದು ವಾಡಿಕೆ.
* ಕೆಂಪು, ಕಿತ್ತಳೆ ಮಾತ್ರ ಇಳಿದಿದ್ದರೆ ಆಹಾರದಲ್ಲಿ ಕೆರೋಟಿನಾಯ್ಡ್ ಕಡಿಮೆಯಾಗಿರುವ ಸಾಧ್ಯತೆ ಇದೆ.
* ಬಣ್ಣ ಇಳಿಯುವುದರೊಂದಿಗೆ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ರೆಕ್ಕೆ ಮುದುಡಿಕೊಂಡಿದ್ದರೆ ನೀರು ಕೆಟ್ಟಿರಬಹುದು ಅಥವಾ ರೋಗ ತಗುಲಿರಬಹುದು. ಮೊದಲು ನೀರನ್ನು ಪರೀಕ್ಷಿಸಬೇಕು.
* ಪಾರದರ್ಶಕವಾದ ಗಾಜಿನ ಮೀನಿನ ಮೈಯಲ್ಲಿ ಗುಲಾಬಿ, ಹಸಿರು ಗೆರೆಗಳು ಕಂಡರೆ ಅದು ಸೂಜಿಯಿಂದ ಚುಚ್ಚಿ ಸೇರಿಸಿದ ಬಣ್ಣವಾಗಿರಬಹುದು. ಇದು ಮೀನಿಗೆ ಹಿಂಸೆ. ಬಣ್ಣವೂ ತಿಂಗಳುಗಳಲ್ಲಿ ಮಾಸುತ್ತದೆ.

ಟ್ರಿನಿಡಾಡ್‌ನ ತೊರೆಗಳ ಪಾಠ

ಒಂದೇ ಪ್ರಭೇದದ ಬಣ್ಣ ಸ್ಥಳದಿಂದ ಸ್ಥಳಕ್ಕೆ ಏಕೆ ಬದಲಾಗುತ್ತದೆ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ದೊರೆತದ್ದು ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ. ಅದು ಗಪ್ಪಿಯ ತವರು. ಮಲೇರಿಯಾ ಹರಡುವ ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಕರ್ನಾಟಕದ ಹಳ್ಳಿಗಳ ಬಾವಿ, ತೊಟ್ಟಿಗಳಿಗೆ ಬಿಟ್ಟ ಗಪ್ಪಿಯೂ ಇದೇ ಪ್ರಭೇದದ್ದು.

ದ್ವೀಪದ ಉತ್ತರದ ಬೆಟ್ಟಸಾಲಿನಿಂದ ಇಳಿಯುವ ತೊರೆಗಳಲ್ಲಿ ಜಲಪಾತಗಳಿವೆ. ಜಲಪಾತದ ಕೆಳಗಿನ ಮಡುಗಳಲ್ಲಿ ಪೈಕ್ ಸಿಕ್ಲಿಡ್ ಎಂಬ ದೊಡ್ಡ ಬೇಟೆಮೀನು ಇದೆ. ಅದು ಬಲಿತ ಗಪ್ಪಿಗಳನ್ನೇ ಹಿಡಿದು ತಿನ್ನುತ್ತದೆ. ಜಲಪಾತವನ್ನು ಏರಲಾರದ ಕಾರಣ ಅದು ಮೇಲಿನ ತೊರೆಯಲ್ಲಿಲ್ಲ. ಅಲ್ಲಿರುವುದು ರಿವುಲಸ್ ಎಂಬ ಚಿಕ್ಕ ಮೀನು. ಅದು ಮುಖ್ಯವಾಗಿ ಗಪ್ಪಿಯ ಮರಿಗಳನ್ನು ಕಬಳಿಸುತ್ತದೆ. ಒಂದೇ ತೊರೆಯಲ್ಲಿ ಜಲಪಾತದ ಮೇಲಿನ ಗಂಡು ಗಪ್ಪಿಗಳು ಬಣ್ಣಬಣ್ಣದ ದೊಡ್ಡ ಚುಕ್ಕೆಗಳಿಂದ ಮೆರೆದರೆ, ಕೆಳಗಿನವು ಮಂಕಾಗಿರುತ್ತವೆ.

ಜೀವವಿಜ್ಞಾನಿ ಜಾನ್ ಎಂಡ್ಲರ್ ಇದರ ಕಾರಣವನ್ನು ಪ್ರಯೋಗದಿಂದಲೇ ತಿಳಿಯಲು ಮುಂದಾದರು. 1976ರಲ್ಲಿ ಅವರು ಅಪಾಯದ ಮಡುವಿನಿಂದ ಸುಮಾರು 200 ಗಪ್ಪಿಗಳನ್ನು ಹಿಡಿದು, ಗಪ್ಪಿಗಳೇ ಇಲ್ಲದ, ರಿವುಲಸ್ ಮಾತ್ರ ಇದ್ದ ಮೇಲಿನ ತೊರೆಯೊಂದಕ್ಕೆ ಬಿಟ್ಟರು. ಸುಮಾರು ಎರಡು ವರ್ಷಗಳ ಬಳಿಕ ನೋಡಿದಾಗ ಅವುಗಳ ವಂಶಜರು ಹೆಚ್ಚು ಮತ್ತು ದೊಡ್ಡ ಚುಕ್ಕೆಗಳನ್ನು ಹೊಂದಿದ್ದವು. ವಿಕಾಸ ಎಂಬುದು ಲಕ್ಷಾಂತರ ವರ್ಷಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಮನುಷ್ಯನ ಕಣ್ಣೆದುರೇ ನಡೆಯಬಲ್ಲದು ಎಂಬುದಕ್ಕೆ ಈ ಪ್ರಯೋಗವನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಕೃತಕ ಕೊಳಗಳಲ್ಲಿ ನಡೆಸಿದ ಇನ್ನೊಂದು ಪ್ರಯೋಗ ಇನ್ನೂ ಸೂಕ್ಷ್ಮವಾದದ್ದು. ಕೆಲವು ಕೊಳಗಳ ತಳಕ್ಕೆ ಸಣ್ಣ ಜಲ್ಲಿ, ಕೆಲವಕ್ಕೆ ದಪ್ಪ ಜಲ್ಲಿ ಹಾಸಲಾಗಿತ್ತು. ಪೈಕ್ ಸಿಕ್ಲಿಡ್ ಇದ್ದ ಕೊಳಗಳಲ್ಲಿ ತಲೆಮಾರುಗಳು ಕಳೆದಂತೆ ಗಪ್ಪಿಯ ಚುಕ್ಕೆಗಳ ಗಾತ್ರ ಜಲ್ಲಿಯ ಗಾತ್ರಕ್ಕೆ ಹೊಂದಿಕೊಂಡಿತು. ಬೇಟೆಗಾರನಿಲ್ಲದ ಕೊಳಗಳಲ್ಲಿ ಜಲ್ಲಿಯಿಂದ ಎದ್ದು ಕಾಣುವಂಥ ಚುಕ್ಕೆಗಳೇ ಹೆಚ್ಚಿದವು. ಶತ್ರುವಿದ್ದಲ್ಲಿ ಬದುಕಬೇಕಾದರೆ ಮರೆಯಾಗಬೇಕು. ಶತ್ರುವಿಲ್ಲದಲ್ಲಿ ಹೆಣ್ಣಿನ ಕಣ್ಣಿಗೆ ಬೀಳಬೇಕು. ಈ ಎರಡು ಒತ್ತಡಗಳ ನಡುವೆ ಪ್ರತಿ ಮಡುವೂ ತನ್ನದೇ ಆದ ಬಣ್ಣದಲ್ಲಿ ನೆಲೆನಿಲ್ಲುತ್ತದೆ.

ಹಾಗಿದ್ದರೆ ಒಂದೇ ಮಡುವಿನ ಗಂಡುಗಳೂ ಒಂದರಂತೆ ಒಂದು ಇರುವುದಿಲ್ಲವೇಕೆ? ಈ ಪ್ರಶ್ನೆಗೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತು. ಟ್ರಿನಿಡಾಡ್‌ನ ತೊರೆಗಳಲ್ಲೇ ಸಂಶೋಧಕರು ಒಂದೊಂದು ಬಣ್ಣದ ಗಂಡುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ ನೋಡಿದರು. ಯಾವ ಬಣ್ಣ ಅಪರೂಪವೋ ಅದೇ ಹೆಚ್ಚು ಬದುಕುಳಿಯಿತು. ಬೇಟೆಗಾರನ ಕಣ್ಣು ಸಾಮಾನ್ಯವಾಗಿ ಕಾಣುವ ಬಣ್ಣಕ್ಕೆ ಪಳಗುತ್ತದೆ, ಅಪರೂಪದ್ದನ್ನು ಗುರುತಿಸಲು ತಡವರಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹೆಣ್ಣುಗಳೂ ಹೊಸ ಬಗೆಯ ಗಂಡಿಗೆ ಹೆಚ್ಚು ಒಲಿಯುತ್ತವೆ. ಅಪರೂಪದ ಬಣ್ಣ ಹೆಚ್ಚುತ್ತ ಹೋದಂತೆ ಆ ಲಾಭ ಕರಗುತ್ತದೆ, ಮತ್ತೊಂದು ಬಣ್ಣಕ್ಕೆ ಸರದಿ ಬರುತ್ತದೆ. ಹೀಗಾಗಿ ಯಾವ ಬಣ್ಣವೂ ಸಂಪೂರ್ಣ ಗೆಲ್ಲುವುದಿಲ್ಲ, ಯಾವುದೂ ಸಂಪೂರ್ಣ ಅಳಿಯುವುದಿಲ್ಲ.

ನೀರು ಕದಡಿದಾಗ

ಬಣ್ಣದ ವೈವಿಧ್ಯಕ್ಕೆ ತಿಳಿನೀರು ಎಷ್ಟು ಅಗತ್ಯವೆಂಬುದನ್ನು ಆಫ್ರಿಕಾದ ವಿಕ್ಟೋರಿಯಾ ಸರೋವರ ತೋರಿಸಿಕೊಟ್ಟಿದೆ. ಉಗಾಂಡ, ಕೀನ್ಯ ಮತ್ತು ತಾಂಜಾನಿಯ ದೇಶಗಳು ಹಂಚಿಕೊಂಡಿರುವ ಈ ಸರೋವರ ನೂರಾರು ಪ್ರಭೇದಗಳ ಸಿಕ್ಲಿಡ್ ಮೀನುಗಳಿಗೆ ಹೆಸರಾದದ್ದು. ಇವುಗಳಲ್ಲಿ ಪುಂಡಮಿಲಿಯ ಎಂಬ ಗುಂಪಿನ ಎರಡು ಪ್ರಭೇದಗಳ ಹೆಣ್ಣುಗಳು ನೋಡಲು ಬಹುತೇಕ ಒಂದೇ. ಗಂಡುಗಳಲ್ಲಿ ಮಾತ್ರ ಒಂದು ಕೆಂಪು, ಇನ್ನೊಂದು ನೀಲಿ. ನೀಲಿಯವು ದಡದ ಆಳವಿಲ್ಲದ ನೀರಿನಲ್ಲಿ, ಕೆಂಪಿನವು ತುಸು ಆಳದಲ್ಲಿ ಇರುತ್ತವೆ. ಆ ಸರೋವರದಲ್ಲಿ ಆಳಕ್ಕೆ ಇಳಿದಂತೆ ನೀಲಿ ಬೆಳಕು ಬೇಗ ಕುಂದಿ ಕೆಂಪು ಉಳಿಯುತ್ತದೆ. ಆಳದ ಮೀನಿನ ಕಣ್ಣೂ ಕೆಂಪಿಗೆ ಹೊಂದಿಕೊಂಡಿರುತ್ತದೆ. ಹೆಣ್ಣು ತನ್ನ ಬಗೆಯ ಗಂಡನ್ನು ಗುರುತಿಸುವುದು ಬಣ್ಣದಿಂದಲೇ.

ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಎಚ್ಚರಿಕೆಯ ಗಂಟೆಯಾಯಿತು. ಪ್ರಯೋಗಾಲಯದಲ್ಲಿ ಬಣ್ಣಗಳ ಭೇದ ಕಾಣದಂಥ ಬೆಳಕು ಹಾಯಿಸಿದಾಗ ಹೆಣ್ಣುಗಳು ಯಾವ ಬಗೆಯ ಗಂಡನ್ನಾದರೂ ಒಪ್ಪಿಕೊಂಡವು. ಸರೋವರದಲ್ಲೂ ಆದದ್ದು ಅದೇ. ಸುತ್ತಲಿನ ಕಾಡು ಕಡಿದು, ಹೊಲಗಳ ಮಣ್ಣು ಮತ್ತು ಪೋಷಕಾಂಶಗಳು ನೀರಿಗೆ ಸೇರಿ, ಪಾಚಿ ಬೆಳೆದು ಕದಡಿದ ಭಾಗಗಳಲ್ಲಿ ಗಂಡುಗಳ ಬಣ್ಣ ಮಂಕಾಗಿತ್ತು, ಪ್ರಭೇದಗಳ ಸಂಖ್ಯೆಯೂ ಕಡಿಮೆಯಿತ್ತು. ಇದೇ ತಂಡದ 2008ರ ಅಧ್ಯಯನ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ತಿಳಿನೀರಿನ ದ್ವೀಪಗಳ ಬಳಿ ಕೆಂಪು ಮತ್ತು ನೀಲಿ ಎರಡು ಪ್ರತ್ಯೇಕ ಪ್ರಭೇದಗಳು. ಹೆಚ್ಚು ಕದಡಿದ ಕಡೆ ಅವು ಬೆರೆತು, ನಡುವಣ ಬಣ್ಣಗಳ ಒಂದೇ ಹಿಂಡಾಗಿದ್ದವು.

ಈ ಸರೋವರಕ್ಕೆ 1950ರ ದಶಕದಲ್ಲಿ ತಂದು ಬಿಟ್ಟ ನೈಲ್ ಪರ್ಚ್ ಎಂಬ ದೈತ್ಯ ಮೀನು ಸಿಕ್ಲಿಡ್‌ಗಳನ್ನು ತಿಂದು ಮಾಡಿದ ಹಾನಿ ಜಗತ್ತಿಗೇ ತಿಳಿದಿದೆ. ಕದಡಿದ ನೀರಿನ ಹಾನಿ ಅಷ್ಟು ಎದ್ದು ಕಾಣುವಂಥದ್ದಲ್ಲ. ಅಲ್ಲಿ ಮೀನುಗಳು ಸಾಯಲಿಲ್ಲ, ಬಲೆಗೆ ಬೀಳುವ ಮೀನಿನ ತೂಕ ಇಳಿಯಬೇಕೆಂದೇನೂ ಇಲ್ಲ. ಒಂದನ್ನೊಂದು ಗುರುತಿಸುವ ಬಗೆ ಅಳಿಸಿಹೋದದ್ದರಿಂದ ಎರಡು ಪ್ರಭೇದಗಳು ಒಂದಾದವು.

ಬಣ್ಣ ನೋಡಿ ಪ್ರಭೇದ ಹೇಳಬಹುದೇ?

ಒಂದೇ ಪ್ರಭೇದದಲ್ಲಿ ಹಲವು ಬಣ್ಣಗಳಿರುವುದರಿಂದ ಬಣ್ಣವೊಂದನ್ನೇ ನಂಬಿ ಮೀನಿನ ಹೆಸರು ಹೇಳುವುದು ಅಪಾಯ. ಬಣ್ಣದ ವ್ಯತ್ಯಾಸವನ್ನು ಕಡೆಗಣಿಸುವುದೂ ಅಷ್ಟೇ ಅಪಾಯವೆಂಬುದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇದೆ.

ಕಾವೇರಿ ಮತ್ತು ಅದರ ಉಪನದಿಗಳ ಬೆನ್ನುಬ್ಬಿದ ಮಹಶೀರ್ ಜಗತ್ತಿನ ಅತಿ ದೊಡ್ಡ ಮಹಶೀರ್ ಎಂದು ಹೆಸರಾದದ್ದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿ ನದಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಈ ಮೀನಿನ ರೆಕ್ಕೆಗಳು ಕಿತ್ತಳೆ ಬಣ್ಣದವು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಸಂರಕ್ಷಣೆಯ ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಅವುಗಳ ರೆಕ್ಕೆ ನೀಲಿ. ಮಹಶೀರ್ ಎಂಬ ಒಂದೇ ಹೆಸರಿನಡಿ ಎರಡೂ ಸೇರಿಹೋದವು. ಕಾಲಕ್ರಮದಲ್ಲಿ ಗಾಳಕ್ಕೆ ನೀಲಿ ರೆಕ್ಕೆಯವೇ ಹೆಚ್ಚಾಗಿ ಸಿಗತೊಡಗಿದವು, ಕಿತ್ತಳೆ ರೆಕ್ಕೆಯವು ವಿರಳವಾದವು.

ದೇಹರಚನೆ ಮತ್ತು ವಂಶವಾಹಿಗಳ ಪರೀಕ್ಷೆಯಿಂದ ಬೆನ್ನುಬ್ಬಿದ ಮಹಶೀರ್ 'ಟಾರ್ ರೆಮಾದೇವಿ' ಎಂಬ ಪ್ರತ್ಯೇಕ ಪ್ರಭೇದವೆಂದು 2018ರಲ್ಲಿ ಖಚಿತವಾಯಿತು. ಕಾವೇರಿ ಕಣಿವೆಯ ಹೊರತು ಅದು ಬೇರೆಲ್ಲೂ ಇಲ್ಲ. ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೊರಗಿನ ಮೀನಿನ ಪೈಪೋಟಿಯ ಜೊತೆಗೆ ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮಾಲಿನ್ಯ ಎಲ್ಲವೂ ಅದರ ಅವನತಿಗೆ ಕಾರಣವಾಗಿವೆ. ಕಿತ್ತಳೆ ರೆಕ್ಕೆಗೂ ನೀಲಿ ರೆಕ್ಕೆಗೂ ಇರುವ ಭೇದ ಬಗೆಹರಿಯುವ ವೇಳೆಗೆ ನದಿಯಲ್ಲಿ ಉಳಿದಿದ್ದ ಕಿತ್ತಳೆ ರೆಕ್ಕೆಯ ಮೀನುಗಳು ತೀರ ಕಡಿಮೆ.

ಟ್ರಿನಿಡಾಡ್‌ನ ಗಪ್ಪಿಯಲ್ಲಿ ನೂರು ಬಣ್ಣಗಳಿದ್ದರೂ ಪ್ರಭೇದ ಒಂದೇ. ಕಾವೇರಿಯಲ್ಲಿ ಬಣ್ಣ ಎರಡು, ಪ್ರಭೇದವೂ ಎರಡು. ಯಾವುದು ಯಾವ ಬಗೆಯದು ಎಂಬುದನ್ನು ಬರಿಗಣ್ಣಿನ ನೋಟ ತೀರ್ಮಾನಿಸಲಾರದು. ಅದಕ್ಕೆ ವರ್ಷಗಳ ಅಧ್ಯಯನ ಬೇಕು. ಆ ಅಧ್ಯಯನ ಮುಗಿಯುವವರೆಗೆ ಒಂದು ನದಿಯ ಮೀನನ್ನು ಇನ್ನೊಂದು ನದಿಗೆ ಬಿಡದಿರುವುದು ಮತ್ತು ನೀರನ್ನು ತಿಳಿಯಾಗಿ ಉಳಿಸಿಕೊಳ್ಳುವುದು ಮೀನಿನ ಬಣ್ಣವನ್ನಷ್ಟೇ ಅಲ್ಲ, ಮೀನನ್ನೇ ಉಳಿಸುವ ದಾರಿ.